65 ದಾಟಿದ ಹಳ್ಳಿ ಹೆಂಗಸರಿಗೆ ಸ್ತನ ಉಳಿಸುವ ಆಪರೇಷನ್: ಅವಕಾಶ ಎಲ್ಲೆಲ್ಲಿ ಕೈತಪ್ಪುತ್ತಿದೆ?

ಆಶಾ_ತರಬೇತಿ_ಹಾವೇರಿ

ನಮ್ಮ ಭಾಗದ ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳ ತರಬೇತಿಗೆ ಒಂದು ಟಿಪ್ಪಣಿ ಸಿದ್ಧವಾಗುತ್ತಿದೆ. ತಡವಾಗಿ ಬಂದವರ ವಿಚಾರ ಬೇರೆ. ಎರಡು ಸೆಂಟಿಮೀಟರ್ ಗಂಟು ಇರುವಾಗಲೇ ಬಂದ 65–75 ವಯಸ್ಸಿನವರಿಗೂ ಪೂರ್ತಿ ಸ್ತನ ತೆಗೆಯುವುದೇ ರೂಢಿಯಾಗಿಬಿಟ್ಟಿದೆ. ಗಂಟು ಮತ್ತು ಅದರ ಸುತ್ತಲಿನ ಭಾಗವನ್ನಷ್ಟೇ ತೆಗೆದು ಸ್ತನ ಉಳಿಸುವ ದಾರಿ ಇವರಿಗೆ ಯಾವ ಯಾವ ಹಂತದಲ್ಲಿ ಮುಚ್ಚಿಹೋಗುತ್ತದೆ, ಆಯಾ ಹಂತದಲ್ಲಿ ಏನು ಮಾಡಬೇಕು ಅನ್ನುವುದನ್ನು ಕೆಲಸ ಬಲ್ಲವರು ಬಿಡಿಸಿ ಬರೆಯಬೇಕೆಂದು ಕೋರಿಕೆ.

ಶಸ್ತ್ರಚಿಕಿತ್ಸೆ_ಹುಬ್ಬಳ್ಳಿ

ಹೆಚ್ಚಿನ ಸಲ ದಾರಿ ಮುಚ್ಚುವುದು ಮೊದಲ ಕತ್ತರಿಯಲ್ಲೇ, ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮುಂಚೆ. ತಾಲ್ಲೂಕಿನಲ್ಲಿ ಯಾರೋ "ಸಣ್ಣ ಗಂಟು, ತೆಗೆದುಬಿಡೋಣ" ಅಂದು ಲೋಕಲ್ (ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು ಗಂಟು ಬಿಡಿಸಿ ತೆಗೆಯುತ್ತಾರೆ. ಮ್ಯಾಮೊಗ್ರಾಂ ಆಗಿರುವುದಿಲ್ಲ, ಸೂಜಿ ಬಯಾಪ್ಸಿ ಆಗಿರುವುದಿಲ್ಲ. ತುಂಡುತುಂಡಾಗಿ ಬಂದ ಗಂಟಿಗೆ ಮೇಲ್ಭಾಗ ಯಾವುದು, ಕಂಕುಳ ಕಡೆ ಯಾವುದು ಅನ್ನುವ ಗುರುತೇ ಇರುವುದಿಲ್ಲ. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದ ಮೇಲೆ ನಮ್ಮ ಕೈಗೆ ಸಿಗುವುದು ಹೊಲಿಗೆ ಹಾಕಿದ, ಒಳಗೆ ರಕ್ತ ಕಟ್ಟಿ ಗಟ್ಟಿಯಾದ ಸ್ತನ. ಯಾವ ಅಂಚಿನಲ್ಲಿ ರೋಗ ಉಳಿದಿದೆ ಅಂತ ಹೇಳಲಾಗದು. ಸುರಕ್ಷಿತವಾಗಿರಲೆಂದು ಸುತ್ತ ಎಲ್ಲ ಕಡೆ ಅಗಲವಾಗಿ ತೆಗೆಯಬೇಕು, ಸ್ತನ ಚಿಕ್ಕದಿದ್ದರೆ ಉಳಿಯುವುದಕ್ಕೆ ಏನೂ ಇರುವುದಿಲ್ಲ. ಡ್ರೇನ್ ನಳಿಕೆಯನ್ನು ಗಾಯದಿಂದ ದೂರ, ಸ್ತನದ ಇನ್ನೊಂದು ಮೂಲೆಯಿಂದ ಹೊರತಂದಿದ್ದರೆ ಆ ದಾರಿಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ.

ಹಾಗಾಗಿ ಟಿಪ್ಪಣಿಯ ಮೊದಲ ಸಾಲೇ ಇದಾಗಲಿ: 40 ದಾಟಿದ ಹೆಂಗಸಿನ ಸ್ತನದಲ್ಲಿ ಹೊಸ ಗಂಟು ಕಂಡರೆ ಮೊದಲು ಮ್ಯಾಮೊಗ್ರಾಂ ಮತ್ತು ಸ್ಕ್ಯಾನ್, ಆಮೇಲೆ 14 ಗೇಜ್ ಟ್ರೂಕಟ್ ಸೂಜಿಯಿಂದ (ಗಂಟಿನ ಸಣ್ಣ ತುಂಡು ಕತ್ತರಿಸಿ ತರುವ ದಪ್ಪ ಸೂಜಿ) ಬಯಾಪ್ಸಿ. ಚಾಕು ಬೇಡ. ಮ್ಯಾಮೊಗ್ರಾಂ ಮುಂಚೆಯೇ ಯಾಕೆ ಅಂದರೆ, ಸೂಜಿ ಚುಚ್ಚಿದ ಮೇಲೆ ಒಳಗೆ ರಕ್ತ ಕಟ್ಟಿ ಚಿತ್ರ ಮಸುಕಾಗಬಹುದು. ಸಪೂರ ಸೂಜಿಯ ಎಫ್.ಎನ್.ಎ.ಸಿ. ಕೋಶಗಳನ್ನಷ್ಟೇ ತೋರಿಸುತ್ತದೆ. ರೋಗ ಸುತ್ತಲ ಅಂಗಾಂಶಕ್ಕೆ ನುಗ್ಗಿದೆಯೇ, ಹಾರ್ಮೋನ್ ಗ್ರಾಹಕ (ಹಾರ್ಮೋನ್ ಬಂದು ಅಂಟುವ ಕೋಶದ ಭಾಗ) ಎಷ್ಟಿದೆ ಅನ್ನುವುದಕ್ಕೆ ಟ್ರೂಕಟ್ ತುಂಡೇ ಬೇಕು.

ಪೆಥಾಲಜಿ_ಟೇಬಲ್

ಸರ್ ಹೇಳಿದ್ದರ ಜೊತೆಗೆ ಇದನ್ನೂ ಸೇರಿಸಿ. ಸೂಜಿ ತುಂಡು ಸರಿಯಾಗಿ ಬಂದರೂ ಬಾಟಲಿಯಲ್ಲಿ ಹಾಳಾಗುತ್ತದೆ. ಸಲೈನ್‌ನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸುವುದು, ಅಂಗಡಿಯಿಂದ ತಂದ ಗಾಢ ಫಾರ್ಮಾಲಿನ್‌ಗೆ ನೀರು ಬೆರೆಸದೆ ಸುರಿಯುವುದು, ಎರಡೂ ನಡೆಯುತ್ತಿದೆ. ಬೇಕಾದ್ದು ಶೇ. 10ರ ಬಫರ್ ಫಾರ್ಮಾಲಿನ್. ಒಂದು ಲೀಟರ್‌ಗೆ: ಗಾಢ ಫಾರ್ಮಾಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ತುಂಡಿನ ಹತ್ತು ಪಟ್ಟು ದ್ರವ ಇರಲಿ. ಬಾಟಲಿ ಅಗಲಬಾಯಿಯದಾಗಿರಲಿ. ದೇಹದಿಂದ ಹೊರಬಂದ ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು. ಶುಕ್ರವಾರ ಸಂಜೆ ತೆಗೆದ ತುಂಡು ಮಂಗಳವಾರ ಲ್ಯಾಬ್ ಮುಟ್ಟಿದರೆ ಆ ಮಿತಿ ಮೀರಿತು. ತೆಗೆದ ದಿನಾಂಕ, ಗಂಟೆ ಎರಡನ್ನೂ ಚೀಟಿಯಲ್ಲಿ ಬರೆಯಿರಿ.

ವಯಸ್ಸಾದವರ ವಿಷಯದಲ್ಲಿ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈ ವಯಸ್ಸಿನ ಕ್ಯಾನ್ಸರ್‌ಗಳಲ್ಲಿ ಈಸ್ಟ್ರೋಜನ್ ಗ್ರಾಹಕ (ಇ.ಆರ್.) ಇರುವವೇ ಹೆಚ್ಚು. ತುಂಡು ಕೆಟ್ಟು ಇ.ಆರ್. ಸುಳ್ಳೇ "ಇಲ್ಲ" ಅಂತ ಬಂದರೆ, ಹಾರ್ಮೋನ್ ತಡೆಯುವ ಮಾತ್ರೆಯಲ್ಲೇ ಹತೋಟಿಗೆ ಬರಬಹುದಾಗಿದ್ದ ರೋಗಕ್ಕೆ ಅಜ್ಜಿ ಕೀಮೋ ತಗೊಳ್ಳಬೇಕಾಗುತ್ತದೆ, ಇಲ್ಲವೇ "ಪೂರ್ತಿ ತೆಗೆದುಬಿಡಿ, ಅಷ್ಟಕ್ಕೇ ಮುಗಿಯಲಿ" ಅನ್ನುವ ತೀರ್ಮಾನಕ್ಕೆ ಮನೆಯವರು ಬರುತ್ತಾರೆ.

ಮಲೆನಾಡು_ಪಿಎಚ್‌ಸಿ

ಒಂದು ಮಾತು. ಸರ್ಕಾರದ ಅಸಾಂಕ್ರಾಮಿಕ ರೋಗ ತಪಾಸಣೆಯಲ್ಲಿ ಸ್ತನ ಪರೀಕ್ಷೆಗೆ ಇಟ್ಟಿರುವ ವಯಸ್ಸು 30ರಿಂದ 65. ನಮೂನೆ ತುಂಬುವ ಲೆಕ್ಕಕ್ಕೆ 65 ದಾಟಿದವರು ಬರುವುದೇ ಇಲ್ಲ. ಬಿ.ಪಿ., ಶುಗರ್ ಮಾತ್ರೆಗೆ ತಿಂಗಳು ತಿಂಗಳು ಕೇಂದ್ರಕ್ಕೆ ಬರುವ ಅಜ್ಜಿಯರೇ ಅವರು. ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಮುಂಬೈಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷೆ ಮಾಡಿದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು.

ಒಂದು ಅನುಮಾನ. ವಯಸ್ಸಾದವರಿಗೆ ಪೂರ್ತಿ ತೆಗೆಯುವುದೇ ಭದ್ರ, ಮತ್ತೆ ಬರುವ ಭಯ ಇರುವುದಿಲ್ಲ ಅಂತ ಎಷ್ಟೋ ವೈದ್ಯರೇ ಹೇಳುತ್ತಾರೆ. ಕುಟುಂಬಕ್ಕೆ ಏನು ಉತ್ತರ ಕೊಡುವುದು?

ಶಸ್ತ್ರಚಿಕಿತ್ಸೆ_ಹುಬ್ಬಳ್ಳಿ

ಆಯುಷ್ಯದ ವಿಷಯದಲ್ಲಿ ಎರಡೂ ಒಂದೇ. ಇಟಲಿಯ ಮಿಲಾನ್‌ನಲ್ಲಿ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ 1970ರ ದಶಕದಲ್ಲಿ ಶುರುಮಾಡಿದ ಎರಡು ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲಿ ಬಂತು. ಸ್ತನ ತೆಗೆದವರೂ ಉಳಿಸಿಕೊಂಡವರೂ ಬದುಕಿದ ವರ್ಷಗಳಲ್ಲಿ ವ್ಯತ್ಯಾಸ ಇರಲಿಲ್ಲ. ಅದೇ ಜಾಗದಲ್ಲಿ ಮರುಕಳಿಸುವುದು ಉಳಿಸಿಕೊಂಡವರಲ್ಲಿ ಸ್ವಲ್ಪ ಹೆಚ್ಚು ಅನ್ನುವುದೂ ನಿಜ, ಅದನ್ನು ಮುಚ್ಚಿಡಬಾರದು. ಮಿಲಾನ್‌ನಲ್ಲಿ 20 ವರ್ಷಕ್ಕೆ ಶೇ. 8.8, ಪೂರ್ತಿ ತೆಗೆದವರಲ್ಲಿ ಶೇ. 2.3. ಪೂರ್ತಿ ತೆಗೆದರೂ ಎದೆಯ ಗೋಡೆಯ ಮೇಲೆ ಮತ್ತೆ ಬರಬಹುದು ಅನ್ನುವುದಕ್ಕೆ ಆ ಎರಡನೆಯ ಅಂಕಿಯೇ ಸಾಕ್ಷಿ. ಇದು ಹಳೆಯ ಕಾಲದ ಲೆಕ್ಕ, ಹಾರ್ಮೋನ್ ಮಾತ್ರೆ ಈಗಿನಷ್ಟು ಬಳಕೆಯಲ್ಲಿರಲಿಲ್ಲ.

ಇನ್ನು ವಯಸ್ಸು. ತೆಗೆಯುವುದಕ್ಕೆ ಕಾರಣ ಅಂತ ಮುಂದಿಡುವ ವಯಸ್ಸು ವಾಸ್ತವದಲ್ಲಿ ಉಳಿಸುವ ಕಡೆಗೇ ವಾಲುತ್ತದೆ. ಮುಟ್ಟು ನಿಂತ ಮೇಲೆ ಸ್ತನದಲ್ಲಿ ಕೊಬ್ಬಿನ ಭಾಗ ಹೆಚ್ಚುವುದರಿಂದ ಮ್ಯಾಮೊಗ್ರಾಂನಲ್ಲಿ ಗಂಟಿನ ಮೇರೆ ಚೆನ್ನಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಮರುಕಳಿಸುವ ಪ್ರಮಾಣ ಎಳೆಯ ವಯಸ್ಸಿನವರಿಗಿಂತ ಕಡಿಮೆ. ಆಪರೇಷನ್ನೂ ಪೂರ್ತಿ ತೆಗೆಯುವುದಕ್ಕಿಂತ ಹಗುರ: ಗಾಯ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಬೇಗ ಮನೆಗೆ ಹೋಗಬಹುದು.

ಅರಿವಳಿಕೆ_ದಾವಣಗೆರೆ

"ಅಜ್ಜಿಗೆ ಅನಸ್ತೇಷಿಯಾ ತಡೆಯೋದಿಲ್ಲ" ಅನ್ನುವುದು ಇನ್ನೊಂದು ಗೋಡೆ. ನೋಡಬೇಕಾದ್ದು ಹಿಮೋಗ್ಲೋಬಿನ್, ಶುಗರ್, ಕ್ರಿಯಾಟಿನಿನ್, ಇ.ಸಿ.ಜಿ., ಬೇಕಾದರೆ ಎಕೋ (ಹೃದಯದ ಸ್ಕ್ಯಾನ್). ಎಲ್ಲಕ್ಕಿಂತ ಮುಖ್ಯ, ಅವರು ಮನೆಯಲ್ಲಿ ಏನು ಕೆಲಸ ಮಾಡುತ್ತಾರೆ ಅನ್ನುವುದು. ಕೊಡ ಹೊತ್ತು ಬರುವ, ಮೆಟ್ಟಿಲು ಹತ್ತುವ 72ರ ಹೆಂಗಸು ಕುಳಿತಲ್ಲೇ ಏದುಸಿರು ಬಿಡುವ 58ರವರಿಗಿಂತ ಗಟ್ಟಿ. ಜಿ-8 ಅನ್ನುವ ಎಂಟು ಪ್ರಶ್ನೆಗಳ ಪರೀಕ್ಷೆ ಇದೆ, ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಮಾತ್ರ ವಿವರವಾದ ವೃದ್ಧಾಪ್ಯ ತಪಾಸಣೆ ಬೇಕು.

ಪೂರ್ತಿ ಮಂಪರು ಕೊಡಲು ಹೃದಯ, ಶ್ವಾಸಕೋಶ ಒಪ್ಪದಿದ್ದರೂ ಪಕ್ಕೆಲುಬಿನ ನರಗಳಿಗೆ ಬ್ಲಾಕ್ ಕೊಟ್ಟು (ಪ್ಯಾರಾವರ್ಟಿಬ್ರಲ್, ಪೆಕ್ಸ್) ಹಗುರ ಮಂಪರಿನಲ್ಲಿ ಗಂಟಿನ ಭಾಗ ತೆಗೆಯಬಹುದು. ರಕ್ತಹೀನತೆ ಕಂಡರೆ "ಅನ್‌ಫಿಟ್" ಅಂತ ಬರೆದು ಊರಿಗೆ ಕಳಿಸಬೇಡಿ. ಕಾರಣ ಹುಡುಕಿ, ಕಬ್ಬಿಣದ ಕೊರತೆಯಾಗಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟು, ಮುಂದಿನ ದಿನಾಂಕವನ್ನು ಅಲ್ಲೇ ಬರೆದುಕೊಡಿ. ದಿನಾಂಕವಿಲ್ಲದೆ ಹೋದವರು ಮತ್ತೆ ಬರುವ ಹೊತ್ತಿಗೆ ಗಂಟು ಚರ್ಮಕ್ಕೆ ಬಂದಿರುತ್ತದೆ.

ಸಮಾಜಕಾರ್ಯ_ಬೆಂಗಳೂರು

ಆಪರೇಷನ್ ಕೋಣೆಯ ಹೊರಗಿನದ್ದು ಬರೆಯುತ್ತೇನೆ. ಉಳಿಸುವ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ರೇಡಿಯೇಷನ್ ಬೇಕು, ಜನರ ಬಾಯಲ್ಲಿ "ಕರೆಂಟ್ ಕೊಡಿಸೋದು". ಮನೆಯವರು ಹೆದರುವುದು ಅಲ್ಲಿ. ಶಾಕ್ ಹೊಡೆಯುತ್ತದೆ, ಮೈ ಸುಟ್ಟುಹೋಗುತ್ತದೆ, ಮೊಮ್ಮಕ್ಕಳನ್ನು ಹತ್ತಿರ ಬಿಡಬಾರದು ಅನ್ನುವ ನಂಬಿಕೆ ಒಂದು ಕಡೆ. ಐದು ವಾರ ಊರು ಬಿಟ್ಟು ಯಾರು ಜೊತೆಗಿರುವುದು, ಸುಗ್ಗಿ ಬಿಟ್ಟು ಬರುವುದು ಹೇಗೆ ಅನ್ನುವ ಲೆಕ್ಕ ಇನ್ನೊಂದು ಕಡೆ. "ವಯಸ್ಸಾಯ್ತು, ಇನ್ಯಾಕೆ ಬೇಕು ಅದು, ಪೂರ್ತಿ ತೆಗೆದುಬಿಡಿ ಡಾಕ್ಟ್ರೇ" ಅಂತ ಮಗನೇ ಹೇಳಿಬಿಡುತ್ತಾನೆ. ತಾಯಿ ಪಕ್ಕದಲ್ಲೇ ಕೂತಿರುತ್ತಾಳೆ, ಅವಳನ್ನು ಯಾರೂ ಕೇಳುವುದಿಲ್ಲ. ಇದು ನನಗೆ ಸರಿಕಾಣುವುದಿಲ್ಲ. ಕುಪ್ಪಸ ಒಂದು ಕಡೆ ಜೋಲುವುದು, ಮದುವೆ ಮುಂಜಿಯಲ್ಲಿ ಸೆರಗು ಬಿಗಿಹಿಡಿದೇ ಕೂರುವುದು, ಕೆರೆ ಬಾವಿಯ ಹತ್ತಿರ ಸ್ನಾನಕ್ಕೆ ಹಿಂಜರಿಯುವುದು 70ರಲ್ಲೂ ಕಷ್ಟವೇ.

ಆಸ್ಪತ್ರೆಯಲ್ಲಿ ಹತ್ತು ನಿಮಿಷ ಅವರೊಬ್ಬರ ಜೊತೆ ನರ್ಸ್ ಅಥವಾ ಸಮಾಜ ಕಾರ್ಯಕರ್ತೆ ಮಾತಾಡುವ ವ್ಯವಸ್ಥೆ ಇರಲಿ. ಸಹಿ ಹಾಕಿಸುವ ಹಿಂದಿನ ದಿನವೇ ಇದಾಗಬೇಕು. ಹೇಳಬೇಕಾದ್ದು ಸರಳ: "ಅಮ್ಮಾ, ಎರಡು ದಾರಿ ಐತಿ. ಎರಡರಾಗೂ ಜೀವಕ್ಕ ಒಂದ ಭರವಸೆ. ಒಂದರಾಗ ಎದಿ ಪೂರ್ತಿ ತಗೀತಾರ, ಇನ್ನೊಂದರಾಗ ಗಂಟು ಅಷ್ಟ ತಗದು ಆಮ್ಯಾಲೆ ಒಂದಿಷ್ಟು ದಿನ ಕರೆಂಟ್ ಕೊಡತಾರ. ನಿಮಗ ಹೆಂಗ ಅನಸ್ತೈತಿ?" ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ.

ದಾಖಲೆಯ ತೊಡಕು ಹೇಳದಿದ್ದರೆ ಆಗದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎ.ಪಿ.ಎಲ್.ಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮಿತಿ. ಗಂಡುಮಕ್ಕಳು ಬೇರೆಯಾದಾಗ ರೇಷನ್ ಕಾರ್ಡ್ ಒಡೆಯುತ್ತದೆ, ತಾಯಿಯ ಹೆಸರು ಹಳೆಯ ಕಾರ್ಡಿನಲ್ಲಿ ಅಳಿಸಿ ಹೊಸದರಲ್ಲಿ ಸೇರದೆ ನಡುವೆ ಬಿದ್ದಿರುತ್ತದೆ. ಹೊಲದಲ್ಲಿ ದುಡಿದು ಬೆರಳ ಗೆರೆ ಸವೆದವರ ಹೆಬ್ಬೆಟ್ಟು ಯಂತ್ರದಲ್ಲಿ ಬೀಳುವುದಿಲ್ಲ. ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಜೋಡಿಸಿಟ್ಟಿದ್ದರೆ ಓ.ಟಿ.ಪಿ.ಯಿಂದ ಕೆಲಸ ಆಗುತ್ತದೆ. ಬಯಾಪ್ಸಿ ರಿಪೋರ್ಟ್ ಬರುವ ದಿನಗಳಲ್ಲೇ ಆಶಾ ಇದನ್ನೆಲ್ಲ ನೋಡಿಕೊಂಡರೆ ಎರಡು ಮೂರು ವಾರ ಉಳಿಯುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿರಲಿ.

ರೇಡಿಯೊಥೆರಪಿ_ಮಂಗಳೂರು

ಐದು ವಾರದ ಮಾತು ಹಳೆಯದಾಯಿತು ಮೇಡಂ, ಆ ಸುದ್ದಿ ಹಳ್ಳಿಗಳಿಗೆ ಇನ್ನೂ ಮುಟ್ಟಿಲ್ಲ ಅನ್ನುವುದೇ ಬೇಸರ. 50 ಗ್ರೇ (ಗ್ರೇ ಅಂದರೆ ಕಿರಣದ ಅಳತೆ), 25 ಸಿಟ್ಟಿಂಗ್ (ಒಂದೊಂದು ಸಲದ ಚಿಕಿತ್ಸೆ) ಇದ್ದದ್ದು 40 ಗ್ರೇ, 15 ಸಿಟ್ಟಿಂಗ್‌ಗೆ ಇಳಿದು ಎಷ್ಟೋ ವರ್ಷವಾಯಿತು, ಅಂದರೆ ಮೂರು ವಾರ. 2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 26 ಗ್ರೇಯನ್ನು ದಿನಕ್ಕೆ 5.2ರಂತೆ ಐದೇ ಸಿಟ್ಟಿಂಗ್‌ನಲ್ಲಿ ಕೊಟ್ಟರೂ ರೋಗದ ಹತೋಟಿ ಮೂರು ವಾರದ್ದಕ್ಕೆ ಕಡಿಮೆಯಿಲ್ಲ ಅಂತ ತೋರಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಐದು ವರ್ಷದ ಲೆಕ್ಕ ಅದು. ಸೋಮವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ, ಅದಕ್ಕೆ ಮುಂಚೆ ಪ್ಲಾನಿಂಗ್ ಸಿ.ಟಿ.ಗೆ ಒಂದು ಸಲ ಬರಬೇಕು. ಕಂಕುಳ ಗ್ರಂಥಿಗಳಿಗೂ ಕೊಡಬೇಕಾದಾಗ ಹಲವು ಕೇಂದ್ರಗಳು ಇನ್ನೂ 15 ಸಿಟ್ಟಿಂಗ್‌ನಲ್ಲೇ ಕೊಡುತ್ತವೆ, ಅದು ತಪ್ಪಲ್ಲ. ಗಂಟಿದ್ದ ಜಾಗಕ್ಕೆ ಹೆಚ್ಚುವರಿ ಬೂಸ್ಟ್ 60 ದಾಟಿದವರಲ್ಲಿ ಎಲ್ಲರಿಗೂ ಬೇಕಿಲ್ಲ, ಗ್ರೇಡ್ 3 (ವೇಗವಾಗಿ ಬೆಳೆಯುವ ಬಗೆಯ ರೋಗ) ಇದ್ದವರಿಗೆ ಯೋಚಿಸುತ್ತೇವೆ. ಅದಕ್ಕಾಗಿ ಸರ್ಜನ್ ಗಂಟು ತೆಗೆದ ಗುಳಿಯ ಗೋಡೆಗೆ ನಾಲ್ಕರಿಂದ ಆರು ಟೈಟೇನಿಯಂ ಕ್ಲಿಪ್ ಹಾಕಿರಬೇಕು. ಕ್ಲಿಪ್ ಇಲ್ಲದಿದ್ದರೆ ಚರ್ಮದ ಗೆರೆ ನೋಡಿ ಅಂದಾಜು ಮಾಡಬೇಕು, ಗುಳಿ ಎಷ್ಟೋ ಸಲ ಗೆರೆಯ ಕೆಳಗೆ ಇರುವುದೇ ಇಲ್ಲ.

ಯಾರೂ ಮುಂಚೆ ಯೋಚಿಸದ ಅಡ್ಡಿ ಅಂದರೆ ಭುಜ. ಯಂತ್ರದ ಕೆಳಗೆ ತೋಳನ್ನು ತಲೆಯ ಮೇಲಕ್ಕೆತ್ತಿ ಹತ್ತು ಹದಿನೈದು ನಿಮಿಷ ಅಲುಗದೆ ಮಲಗಬೇಕು. ಸಕ್ಕರೆ ಕಾಯಿಲೆಯಿರುವ ವಯಸ್ಸಾದವರಲ್ಲಿ ಭುಜ ಬಿಗಿದಿರುವುದು ಸಾಮಾನ್ಯ. ಆಪರೇಷನ್ ನಂತರ ನೋವೆಂದು ತೋಳನ್ನು ಎದೆಗೆ ಅಂಟಿಸಿಕೊಂಡರೆ ಇನ್ನಷ್ಟು ಬಿಗಿಯುತ್ತದೆ. ಪ್ಲಾನಿಂಗ್ ದಿನ ತೋಳು ಏಳದಿದ್ದರೆ ವಾಪಸ್ ಕಳಿಸಬೇಕು, ಫಿಸಿಯೊಥೆರಪಿಗೆ ಮೂರು ನಾಲ್ಕು ವಾರ ಹೋಗುತ್ತದೆ. ಬಯಾಪ್ಸಿ ಮಾಡಿದ ದಿನದಿಂದಲೇ ವ್ಯಾಯಾಮ ಶುರುವಾಗಲಿ: ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲೆ ಮೇಲೆ ಹತ್ತಿಸುವುದು, ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಮೇಲಕ್ಕೆ ಎತ್ತುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಪರೇಷನ್ ಆದ ಮೊದಲ ವಾರ ಭುಜದ ಮಟ್ಟಕ್ಕೆ ನಿಲ್ಲಿಸಿ, ಡ್ರೇನ್ ತೆಗೆದ ಮೇಲೆ ಪೂರ್ತಿ ಎತ್ತಿಸಿ.

ಶಾಕ್ ಹೊಡೆಯುವುದಿಲ್ಲ, ಎಕ್ಸ್‌ರೇ ತೆಗೆದಂತೆ ಏನೂ ಗೊತ್ತಾಗುವುದಿಲ್ಲ. ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಸಂಜೆಗೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಚರ್ಮ ಕೆಂಪಾಗಿ ಉರಿಯಬಹುದು. ಅರಿಶಿನ, ಎಣ್ಣೆ, ಸೊಪ್ಪಿನ ಲೇಪ ಹಚ್ಚಬೇಡಿ. ಬೆಚ್ಚಗಿನ ನೀರು, ಸಡಿಲ ಹತ್ತಿ ಕುಪ್ಪಸ ಸಾಕು.

ಆಶಾ_ತರಬೇತಿ_ಹಾವೇರಿ

ರೇಡಿಯೇಷನ್ ಇಲ್ಲದೆಯೇ ಉಳಿಸಬಹುದು ಅಂತಲೂ ಕೇಳಿಬರುತ್ತದೆ. ಯಾರಿಗೆ?

ರೇಡಿಯೊಥೆರಪಿ_ಮಂಗಳೂರು

ಆಯ್ದ ಕೆಲವರಿಗೆ ಮಾತ್ರ. ಅಮೆರಿಕದ ಸಿಎಎಲ್‌ಜಿಬಿ 9343 ಅಧ್ಯಯನದಲ್ಲಿ 70 ದಾಟಿದ, ಗಂಟು 2 ಸೆಂ.ಮೀ. ಒಳಗಿದ್ದ, ಇ.ಆರ್. ಇದ್ದ ಹೆಂಗಸರಿಗೆ ಟ್ಯಾಮಾಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ ಕೊಟ್ಟರು. ಹತ್ತು ವರ್ಷಕ್ಕೆ ಸ್ತನ ಮತ್ತು ಕಂಕುಳಲ್ಲಿ ಮರುಕಳಿಸಿದ್ದು ರೇಡಿಯೇಷನ್ ಇಲ್ಲದವರಲ್ಲಿ ಶೇ. 10, ತಗೊಂಡವರಲ್ಲಿ ಶೇ. 2. ಬದುಕಿದ ಲೆಕ್ಕ ಒಂದೇ. ಬ್ರಿಟನ್ ಮುಂದಾಳತ್ವದ ಪ್ರೈಮ್-2 ಅಧ್ಯಯನದಲ್ಲಿ 65 ದಾಟಿದವರು, ಗಂಟು 3 ಸೆಂ.ಮೀ. ಒಳಗೆ, ಗ್ರಂಥಿಗಳಲ್ಲಿ ರೋಗ ಇಲ್ಲ, ತೆಗೆದ ತುಂಡಿನ ಅಂಚು ಶುದ್ಧ. 2023ರಲ್ಲಿ ಬಂದ ಹತ್ತು ವರ್ಷದ ಫಲಿತಾಂಶದಲ್ಲಿ ಸ್ತನದಲ್ಲಿ ಮರುಕಳಿಸಿದ್ದು ರೇಡಿಯೇಷನ್ ಇಲ್ಲದವರಲ್ಲಿ ಶೇ. 9.5, ತಗೊಂಡವರಲ್ಲಿ ಶೇ. 0.9. ಅಲ್ಲೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ. ಇ.ಆರ್. ಮಂದವಾಗಿದ್ದವರಲ್ಲಿ ಮರುಕಳಿಕೆ ಹೆಚ್ಚು. ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಗ್ರಾಹಕವೂ ಇಲ್ಲದ, ಹರ್-2 ಪ್ರೋಟೀನೂ ಹೆಚ್ಚಿಲ್ಲದ), ಹರ್-2 (ಆ ಪ್ರೋಟೀನ್ ಹೆಚ್ಚಿರುವ) ರೋಗಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಸಮಾಜಕಾರ್ಯ_ಬೆಂಗಳೂರು

ನನ್ನ ತಕರಾರು ಇಲ್ಲಿದೆ ಸರ್. ಆ ಅಧ್ಯಯನಗಳೆಲ್ಲ ಐದು ವರ್ಷ ಮಾತ್ರೆಯ ಲೆಕ್ಕದ ಮೇಲೆ ನಿಂತಿವೆ. ನಮ್ಮ ಹಳ್ಳಿಗಳಲ್ಲಿ ಮಾತ್ರೆ ಮುಗಿದಾಗ ತರುವವರಿಲ್ಲ. ಮಂಡಿ ನೋವು ಬಂದರೆ "ಆ ಗುಳಿಗೆಯಿಂದಲೇ" ಅಂತ ನಿಲ್ಲಿಸುತ್ತಾರೆ. ಮಾತ್ರೆಯೂ ನಿಂತು ರೇಡಿಯೇಷನ್ನೂ ಇಲ್ಲ ಅಂದರೆ ಅವರಿಗೆ ಯಾವ ರಕ್ಷಣೆಯೂ ಇಲ್ಲ. ಐದು ದಿನದಲ್ಲಿ ಮುಗಿಯುವ ಚಿಕಿತ್ಸೆಯನ್ನು ಮುಗಿಸಿಕೊಂಡು ಹೋಗುವುದೇ ನಮ್ಮಲ್ಲಿ ಭದ್ರ ಅಲ್ಲವೇ?

ರೇಡಿಯೊಥೆರಪಿ_ಮಂಗಳೂರು

ಒಪ್ಪುತ್ತೇನೆ. ಮಾತ್ರೆ ತಪ್ಪದೆ ಸಿಗುವ ಮನೆ, ಯಂತ್ರದವರೆಗೆ ಬರಲಾಗದ ದೇಹಸ್ಥಿತಿ, ಇವೆರಡೂ ಇದ್ದಾಗ ರೇಡಿಯೇಷನ್ ಬಿಡುವುದು ಸರಿ. ಬರುವ ಶಕ್ತಿಯಿದ್ದವರಿಗೆ ಐದು ದಿನದ್ದು. "ರೇಡಿಯೇಷನ್‌ಗೆ ಬರಲಾರರು, ಹಾಗಾಗಿ ಸ್ತನ ತೆಗೆದೆವು" ಅನ್ನುವ ವಾದವಂತೂ ಎರಡೂ ಕಡೆಯಿಂದ ಬಿದ್ದುಹೋಗುತ್ತದೆ.

ಶಸ್ತ್ರಚಿಕಿತ್ಸೆ_ಹುಬ್ಬಳ್ಳಿ

ಎಲ್ಲರಿಗೂ ಉಳಿಸಲೇಬೇಕು ಅಂತಲ್ಲ. ಸ್ತನದ ಬೇರೆಬೇರೆ ಮೂಲೆಗಳಲ್ಲಿ ಗಂಟು, ಸ್ತನ ತುಂಬ ಹರಡಿದ ಸುಣ್ಣದ ಕಣಗಳು, ಚರ್ಮ ಕೆಂಪಾಗಿ ಊದಿದ ಉರಿಯೂತದ ಕ್ಯಾನ್ಸರ್, ಎಷ್ಟು ತೆಗೆದರೂ ಅಂಚಿನಲ್ಲಿ ರೋಗ ಉಳಿಯುವುದು, ಮೊದಲೇ ಎದೆಗೆ ರೇಡಿಯೇಷನ್ ಆಗಿರುವುದು, ಇವುಗಳಲ್ಲಿ ಪೂರ್ತಿ ತೆಗೆಯುವುದೇ ಸರಿ. ಎಲ್ಲ ತಿಳಿದ ಮೇಲೂ ಹೆಂಗಸೇ "ತೆಗೆಯಿರಿ" ಅಂದರೆ ಅದೂ ಸರಿ.

ಅಂಚಿನ ಬಗ್ಗೆ: ತೆಗೆದ ತುಂಡಿನ ಶಾಯಿ ಬಳಿದ ಹೊರಮೈಯಲ್ಲಿ ಕ್ಯಾನ್ಸರ್ ಕೋಶ ಮುಟ್ಟಿರದಿದ್ದರೆ ಸಾಕು ಅನ್ನುವುದು 2014ರಿಂದ ಒಪ್ಪಿದ ಮಾತು. ಸುತ್ತ ಒಂದು ಸೆಂಟಿಮೀಟರ್ ಸಿಗಲಿಲ್ಲ ಅಂತ ಮತ್ತೆ ಕೊಯ್ಯುವುದು ಬೇಡ. ತೆಗೆದ ತುಂಡಿಗೆ ಮೇಲ್ಭಾಗದಲ್ಲಿ ಚಿಕ್ಕ ಹೊಲಿಗೆ, ಹೊರಬದಿಯಲ್ಲಿ ಉದ್ದ ಹೊಲಿಗೆ ಹಾಕಿ ಕಳಿಸಿ. 70 ದಾಟಿದವರಿಗೆ ಸಣ್ಣ, ಇ.ಆರ್. ಇರುವ ಗಂಟು, ಕಂಕುಳ ಸ್ಕ್ಯಾನ್ ಶುದ್ಧ ಅಂತಾದರೆ ಗ್ರಂಥಿ ತೆಗೆಯುವುದನ್ನೇ ಬಿಡಬಹುದು. ಕೈ ಬಾವು ತಪ್ಪುತ್ತದೆ.

ಗಂಟು 4–5 ಸೆಂ.ಮೀ. ಇದ್ದರೂ ಬಾಗಿಲು ಮುಚ್ಚಿಲ್ಲ. ಇ.ಆರ್. ಜೋರಾಗಿದ್ದರೆ ದಿನಕ್ಕೊಂದು ಲೆಟ್ರೊಜೋಲ್ (ಇನ್ನೊಂದು ಹಾರ್ಮೋನ್ ಮಾತ್ರೆ) 2.5 ಮಿ.ಗ್ರಾಂ., ನಾಲ್ಕರಿಂದ ಆರು ತಿಂಗಳು ಕೊಟ್ಟು ಕುಗ್ಗಿಸಬಹುದು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ತಿಂಗಳಿಗೇ ಶೇ. 45 ಮಂದಿಗೆ ಉಳಿಸುವ ಆಪರೇಷನ್ ಸಾಧ್ಯವಾಗಿತ್ತು. ಮಾತ್ರೆ ಶುರುಮಾಡುವ ಮುಂಚೆ ಗಂಟಿನ ನಡುವೆ ಕ್ಲಿಪ್ ಇಡಲೇಬೇಕು. ಕುಗ್ಗಿ ಕಾಣೆಯಾದ ಮೇಲೆ ಎಲ್ಲಿ ಕೊಯ್ಯುವುದು ಅಂತ ತಿಳಿಯದೆ ಪೂರ್ತಿ ತೆಗೆದ ಉದಾಹರಣೆ ಎಷ್ಟೋ ಇವೆ. ಬೇರೆಡೆ ಬಳಸುವ ಗುರುತಿನ ಕ್ಲಿಪ್ ದುಬಾರಿ, ಆಪರೇಷನ್‌ನಲ್ಲಿ ರಕ್ತನಾಳ ಮುಚ್ಚುವ ಸಾಧಾರಣ ಟೈಟೇನಿಯಂ ಕ್ಲಿಪ್ಪನ್ನೇ ದಪ್ಪ ಸೂಜಿಯೊಳಗಿಂದ ಸ್ಕ್ಯಾನ್ ನೋಡುತ್ತಾ ಇಡಬಹುದು. ಎರಡು ತಿಂಗಳಿಗೊಮ್ಮೆ ಅಳತೆ ತಗೊಳ್ಳಿ. ಬೆಳೆಯುತ್ತಿದ್ದರೆ ಕಾಯದೆ ಆಪರೇಷನ್.

ಮಲೆನಾಡು_ಪಿಎಚ್‌ಸಿ

ಮಾತ್ರೆಯ ಹೊಣೆ ಪಿ.ಎಚ್.ಸಿ. ಹೊರಬಹುದು. ಬಿ.ಪಿ. ಗುಳಿಗೆ ಕೊಡುವ ದಿನವೇ ಲೆಟ್ರೊಜೋಲ್ ಪಟ್ಟಿ ಎಣಿಸಿದರಾಯಿತು. ಮಂಡಿ ನೋವು ಇರುವವರಿಗೆ ನಿಲ್ಲಿಸಬೇಡಿ ಅನ್ನಿ, ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ.ಗೆ ಬದಲಿಸಬಹುದೇ ಅಂತ ಕ್ಯಾನ್ಸರ್ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದು ಕಾಲು ಮಾತ್ರ ಬಾತರೆ ಅಂದೇ ಕಳಿಸಬೇಕು. ಲೆಟ್ರೊಜೋಲ್‌ನವರಿಗೆ ಮೂಳೆ ಸವೆತ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಜೊತೆಗಿರಲಿ.

ಆಶಾ_ತರಬೇತಿ_ಹಾವೇರಿ

ತುಂಬ ಉಪಕಾರವಾಯಿತು. ಕೊನೆಯದಾಗಿ ಎರಡು: ಓಡಾಟದ ಖರ್ಚು ಹೇಗೆ, ಆಮೇಲಿನ ತಪಾಸಣೆ ಎಷ್ಟು ದಿನಕ್ಕೊಮ್ಮೆ?

ಸಮಾಜಕಾರ್ಯ_ಬೆಂಗಳೂರು

ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಜೊತೆಗೆ ಸೊಸೆ, ಮಗಳು ಬಂದರೆ ಇಬ್ಬರದೂ ಉಳಿಯಿತು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75. ಅದಕ್ಕೆ ಆಸ್ಪತ್ರೆಯ ಸಹಿ ಮೊಹರಿರುವ ರೈಲ್ವೆ ನಮೂನೆ ಬೇಕು, ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ. ಉಳಿಯಲು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ಧರ್ಮಶಾಲೆ ಇದೆ. ಕಲ್ಯಾಣ ಕರ್ನಾಟಕದವರು ಬೆಂಗಳೂರಿಗೇ ಬರಬೇಕೆಂದಿಲ್ಲ, ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವಿದೆ. ನಿಮ್ಮ ಭಾಗಕ್ಕೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ.

ಶಸ್ತ್ರಚಿಕಿತ್ಸೆ_ಹುಬ್ಬಳ್ಳಿ

ತಪಾಸಣೆ: ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಕೈಯಿಂದ ಪರೀಕ್ಷೆ, ನಡುವಿನ ಒಂದೆರಡು ಸಲ ಪಿ.ಎಚ್.ಸಿ.ಯಲ್ಲೇ ಆಗಬಹುದು. ಮ್ಯಾಮೊಗ್ರಾಂ ರೇಡಿಯೇಷನ್ ಮುಗಿದ ಆರರಿಂದ ಹನ್ನೆರಡು ತಿಂಗಳಿಗೆ ಮೊದಲನೆಯದು, ಆಮೇಲೆ ವರ್ಷಕ್ಕೊಂದು, ಎರಡೂ ಸ್ತನಗಳಿಗೆ. ಹಳೆಯ ಫಿಲ್ಮ್ ಬಿಸಾಡದೆ ಪ್ರತಿ ಸಲ ತರಬೇಕು. ಆಪರೇಷನ್ ಗೆರೆಯ ಸುತ್ತ ಗಟ್ಟಿಯಾಗಿ ಕಾಣುವುದು ಹಳೆಯ ಗಾಯವೋ ಹೊಸ ಗಂಟೋ ಅಂತ ಹೋಲಿಸಿ ನೋಡದೆ ಹೇಳಲಾಗದು.